ಕೆಂಪು ಬಾಟಲಿ, ಕಹಿ ಬೇರು

ಅವರ ಬಲಗೈ ಹೆಬ್ಬೆರಳು ಎಡಗೈ ಹೆಬ್ಬೆರಳಿಗಿಂತ ಅಗಲವಾಗಿತ್ತು. ತುದಿ ಚಪ್ಪಟೆಯಾಗಿ, ನಡುವೆ ಸಣ್ಣದೊಂದು ಗುಳಿ ಬಿದ್ದು, ಉಗುರು ಒಂದು ಕಡೆಗೆ ವಾಲಿಕೊಂಡಿತ್ತು. ಮೂವತ್ತು ವರ್ಷ ಸಿರಿಂಜು ಒತ್ತಿ ಒತ್ತಿ ಹಾಗಾದದ್ದು. ಗಾಜಿನ ಸಿರಿಂಜಿನ ಕಾಲದಿಂದ ಪ್ಲಾಸ್ಟಿಕ್ ಸಿರಿಂಜಿನ ಕಾಲದವರೆಗೆ ಆ ಬೆರಳು ಭದ್ರಾವತಿಯ ಎಷ್ಟು ಜನರ ಮೈಯೊಳಗೆ ಔಷಧಿ ಇಳಿಸಿತ್ತೋ ಅವರಿಗೇ ಗೊತ್ತಿರಲಿಲ್ಲ. ಮೊದಲ ದಿನ ಅದನ್ನು ನನ್ನ ಕಣ್ಣೆದುರು ಹಿಡಿದು, "ಮುಟ್ಟಿ ನೋಡು, ಹೆದರ್ಬೇಡ. ಈ ಬೆರಳು ಒತ್ತಿದ್ರೆ ನೋವೇ ಗೊತ್ತಾಗಲ್ಲ" ಎಂದರು. ಅಪ್ಪಟ ಸುಳ್ಳು. ನೋವು ಗೊತ್ತಾಯಿತು. ಎರಡು ದಿನ ಕುಂಟುವಷ್ಟು ಗೊತ್ತಾಯಿತು.

ನಮ್ಮ ಮನೆಯಲ್ಲಿ ಎಲ್ಲರಿಗೂ ಅವರು ನರ್ಸಮ್ಮ. ಭದ್ರಾವತಿಯ ಕಾರ್ಖಾನೆಯೊಂದರ ಆಸ್ಪತ್ರೆಯಲ್ಲಿ ದುಡಿದು ನಿವೃತ್ತರಾಗಿದ್ದರು. ಅವರ ತಂದೆ ತಮಿಳು ಸೀಮೆಯಿಂದ ಕುಲುಮೆ ಕೆಲಸಕ್ಕೆ ಬಂದು ಅಲ್ಲೇ ನೆಲೆ ನಿಂತವರು. ಹಾಗಾಗಿ ನರ್ಸಮ್ಮನ ಕನ್ನಡ ನಮ್ಮದೇ ಕನ್ನಡವಾಗಿದ್ದರೂ ಮುದ್ದು ಬಂದಾಗ 'ಕಣ್ಣಾ' ಎಂದೂ, ಸಿಟ್ಟು ಬಂದಾಗ ದೇವರನ್ನು ಕರೆದು 'ಆಂಡವಾ' ಎಂದೂ ತಮಿಳಿಗೆ ಜಾರುತ್ತಿತ್ತು. ಮದುವೆಯಾಗಿರಲಿಲ್ಲ, ತಮ್ಮನ ಸಂಸಾರದ ಜೊತೆಗಿದ್ದರು. ನನ್ನ ಅಮ್ಮನ ತವರು ಭದ್ರಾವತಿ. ನಾನು ಹುಟ್ಟಿದ್ದು ಅದೇ ಆಸ್ಪತ್ರೆಯಲ್ಲಿ, ಅವರ ಕೈಯಲ್ಲೇ. "ನಿನ್ನ ಮುಖ ನಿಮ್ಮಪ್ಪನಿಗಿಂತ ಮೊದ್ಲು ನೋಡಿದ್ದು ನಾನು. ಥೇಟ್ ಸುಟ್ಟ ಬದನೇಕಾಯಿ" ಎಂದು ಬಂದುಹೋದವರ ಎದುರೆಲ್ಲ ಹೇಳಿ ನನ್ನ ಮಾನ ಕಳೆಯುತ್ತಿದ್ದರು.

ಹನ್ನೆರಡನೆಯ ವಯಸ್ಸಿನಲ್ಲಿ ನನಗೊಂದು ಗಂಟಲುನೋವು ಬಂದು ಹೋಯಿತು. ಎರಡು ಮೂರು ವಾರ ಕಳೆದ ಮೇಲೆ ಮಂಡಿ ಊದಿತು. ಒಂದು ಮಂಡಿ ಇಳಿದರೆ ಇನ್ನೊಂದು, ಅದು ಇಳಿದರೆ ಮೊಣಕೈ. ಶಾಲೆಯ ಖೋ ಖೋ ತಂಡದಲ್ಲಿ ಯಾರ ಕೈಗೂ ಸಿಗದೆ ಓಡುತ್ತಿದ್ದವಳು ಬಚ್ಚಲಿಗೂ ಅಪ್ಪನ ಭುಜ ಹಿಡಿದು ಹೋಗುವಂತಾಯಿತು. ಶಿವಮೊಗ್ಗದ ಡಾಕ್ಟರು ನನ್ನ ಎದೆಯ ಮೇಲೆ ಸ್ಟೆತಾಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. ಈ ಜ್ವರ ಕೀಲಿಗೆ ಬಂದಂತೆ ಕಂಡರೂ ಇದರ ಕಣ್ಣಿರುವುದು ಹೃದಯದ ಮೇಲೆ ಎಂದರು. ಒಂದು ಕವಾಟ ಆಗಲೇ ಚೂರು ಸೋರುತ್ತಿತ್ತು. ಜ್ವರ ಮರುಕಳಿಸಿದರೆ ಕವಾಟ ಇನ್ನೂ ಕೆಡುತ್ತದೆ. ಮರುಕಳಿಸದಂತೆ ಮೂರು ವಾರಕ್ಕೊಂದು ಪೆನಿಸಿಲಿನ್ ಇಂಜೆಕ್ಷನ್ ಹಾಕಿಸಬೇಕು, ಅದೂ ನನಗೆ ಇಪ್ಪತ್ತೈದು ತುಂಬುವವರೆಗೆ. ಅಮ್ಮ ಅಲ್ಲೇ ಬೆರಳು ಮಡಿಚಿ ಎಣಿಸಲು ಹೊರಟವಳು ಅರ್ಧಕ್ಕೇ ನಿಲ್ಲಿಸಿದಳು.

ಆ ಇಂಜೆಕ್ಷನ್ ಕೆಲವರ ಮೈಗೆ ಒಗ್ಗುವುದಿಲ್ಲ, ಒಮ್ಮೊಮ್ಮೆ ಪ್ರಾಣಕ್ಕೇ ಬರುತ್ತದೆ. ಅದಕ್ಕೇ ಶಿವಮೊಗ್ಗದ ರವೀಂದ್ರನಗರದಲ್ಲಿದ್ದ ನಮ್ಮ ಮನೆಯ ಸುತ್ತಮುತ್ತ ಹಾಕುವವರು ಸಿಗಲಿಲ್ಲ. ಅಮ್ಮ ನರ್ಸಮ್ಮನಿಗೆ ಹೇಳಿ ಕಳಿಸಿದಳು. ಅವರು ಬಂದು, ಡಾಕ್ಟರ ಚೀಟಿಯನ್ನು ಕನ್ನಡಕ ಏರಿಸಿ ಒಂದಕ್ಷರ ಬಿಡದೆ ಓದಿ, ಮೊದಲನೆಯದನ್ನು ಡಾಕ್ಟರ ಎದುರಿಗೇ ಹಾಕಿದರು. ಅವತ್ತು ಶನಿವಾರ. ಇಪ್ಪತ್ತೊಂದು ದಿನಕ್ಕೊಮ್ಮೆ ಎಂದರೆ ಪ್ರತಿ ಸಲವೂ ಶನಿವಾರವೇ ಬರುತ್ತದೆ. ಹಾಗೆ ಮೂರು ವಾರಕ್ಕೊಂದು ಶನಿವಾರ ನನ್ನ ಪಾಲಿಗೆ ಬಂತು. ಆ ಮಧ್ಯಾಹ್ನಗಳಲ್ಲಿ ಅವರು ಭದ್ರಾವತಿಯಿಂದ ಮಲವಗೊಪ್ಪ ದಾಟಿ ಬರುವ ಬಸ್ಸಿನಿಂದ ಇಳಿದು, ದೊಡ್ಡ ದೊಡ್ಡ ಹೂವಿನ ಸೀರೆಯಲ್ಲಿ ನಮ್ಮ ಬೀದಿಗೆ ತಿರುಗುತ್ತಿದ್ದರು. ಅಷ್ಟು ಬಣ್ಣ ಯಾಕೆ ಎಂದು ಯಾರಾದರೂ ಕೇಳಿದರೆ, "ಮೂವತ್ತು ವರ್ಷ ಬಿಳೀದು ಉಟ್ಟಿದೀನಿ, ಸಾಕು" ಎನ್ನುತ್ತಿದ್ದರು.

ಬಂದ ಕೂಡಲೇ ಕೈ ತೊಳೆದು, ಔಷಧಿಯ ಪುಡಿಗೆ ನೀರು ಸೇರಿಸಿ, ಸೀಸೆಯನ್ನು ಎರಡು ಅಂಗೈಗಳ ನಡುವೆ ಕಡೆಗೋಲಿನಂತೆ ಉರುಳಿಸುತ್ತಿದ್ದರು. ಮುಂಗೈಗೆ ಒಂದು ತೊಟ್ಟು ಟೆಸ್ಟ್ ಹಾಕಿ ಅರ್ಧ ಗಂಟೆ ಕಾಯುವುದು. ಆಮೇಲೆ ಸೊಂಟದ ಕೆಳಗೆ ಇಂಜೆಕ್ಷನ್. ಅದಾದ ಮೇಲೆ ಮತ್ತೆ ಅರ್ಧ ಗಂಟೆ, ನನಗೇನೂ ಆಗುವುದಿಲ್ಲವೆಂದು ಖಾತ್ರಿಯಾಗುವವರೆಗೆ. ಬಸ್ಸು ತಪ್ಪುತ್ತದೆ ಎಂದು ಅಮ್ಮ ಅವಸರಪಡಿಸಿದರೆ, "ಬಸ್ಸು ಇನ್ನೊಂದು ಬರುತ್ತೆ ಬಿಡಮ್ಮ. ಇವಳು ಇನ್ನೊಬ್ಳು ಬರಲ್ಲ" ಎಂದು ಕೂತೇ ಇರುತ್ತಿದ್ದರು. ಹೀಗೆ ಒಂದು ಗಂಟೆ ನಮ್ಮಿಬ್ಬರದಾಯಿತು. ನಮ್ಮ ಮಧ್ಯೆ ಕಂಪ್ಯೂಟರ್ ಬಂದದ್ದು ಆ ಒಂದು ಗಂಟೆಯಲ್ಲಿ.

ಅಪ್ಪನದು ಡಿಟಿಪಿ ಅಂಗಡಿ. ಮದುವೆ ಕಾಗದ, ಕೋರ್ಟಿನ ಅರ್ಜಿ, ಕರಪತ್ರ ಅಚ್ಚಿಗೆ ಸಿದ್ಧ ಮಾಡುವುದು. ಅಂಗಡಿಗೆ ಹೊಸ ಕಂಪ್ಯೂಟರ್ ತಂದಾಗ ಹಳೆಯದನ್ನು ಮನೆಗೆ ಹೊತ್ತು ತಂದರು. ನನಗೆ ಒಂದು ವರ್ಷ ಓಡುವಂತಿರಲಿಲ್ಲ, ಕುಣಿಯುವಂತಿರಲಿಲ್ಲ, ಮೆಟ್ಟಿಲು ಹತ್ತಿದರೂ ಅಮ್ಮ ಗದರುತ್ತಿದ್ದಳು. ಪಾಪ ಎಂದುಕೊಂಡು ಅಪ್ಪ ಗಾಂಧಿ ಬಜಾರಿನಿಂದ ಒಂದು ಗೇಮ್ ಸಿಡಿ ತಂದುಕೊಟ್ಟರು. ಒಬ್ಬ ಹುಡುಗಿ ಕತ್ತಿ ಹಿಡಿದು, ಕಾಡು ಕೋಟೆ ಗುಹೆಗಳನ್ನೆಲ್ಲ ಹೊಕ್ಕು, ಅಡ್ಡ ಬಂದ ಪ್ರಾಣಿ ಪಿಶಾಚಿಗಳ ಜೊತೆ ಹೊಡೆದಾಡುತ್ತ, ದಾರಿಯಲ್ಲಿ ಸಿಕ್ಕ ಔಷಧಿ ಆಹಾರಗಳನ್ನು ಚೀಲಕ್ಕೆ ತುಂಬಿಕೊಳ್ಳುತ್ತ ಮುಂದೆ ಹೋಗುವ ಆಟ. ಆ ಹುಡುಗಿ ಎಷ್ಟು ಓಡಿದರೂ ದಣಿಯುತ್ತಿರಲಿಲ್ಲ. ನನಗೆ ಅಷ್ಟು ಸಾಕಿತ್ತು.

ಒಂದು ಶನಿವಾರ ಟೆಸ್ಟ್ ಹಾಕಿಸಿಕೊಂಡು ನಾನು ಆಡುತ್ತಿದ್ದೆ. ನರ್ಸಮ್ಮ ಕಾಫಿ ಲೋಟ ಹಿಡಿದು ಪಕ್ಕದ ಕುರ್ಚಿಯಲ್ಲಿ ಕೂತರು.

"ಯಾರೇ ಇವ್ಳು?"

"ನಾನೇ."

"ಮೇಲ್ಗಡೆ ಕೆಂಪಗೆ ಉದ್ದಕ್ಕಿದ್ಯಲ್ಲ, ಅದೇನು?"

"ಜೀವ. ಏಟು ಬಿದ್ದಷ್ಟೂ ಆ ಪಟ್ಟಿ ಕಮ್ಮಿಯಾಗತ್ತೆ. ಖಾಲಿಯಾದ್ರೆ ಸತ್ತೋಗ್ತೀನಿ."

"ಚೀಲದಲ್ಲಿರೋ ಬಾಟ್ಲಿ?"

"ಔಷಧಿ. ಕುಡಿದ್ರೆ ಜೀವ ಪೂರ್ತಿ ತುಂಬತ್ತೆ."

ಅಷ್ಟರಲ್ಲಿ ಒಂದು ಕರಡಿ ಮೇಲೆ ಬಿತ್ತು. ನಾನು ಕತ್ತಿ ಬೀಸಿದೆ, ಬೀಸುತ್ತಲೇ ಇದ್ದೆ, ಪಟ್ಟಿ ಖಾಲಿಯಾಗಿ ಹುಡುಗಿ ನೆಲಕ್ಕುರುಳಿದಳು. ನರ್ಸಮ್ಮ ಲೋಟ ಕೆಳಗಿಟ್ಟರು.

"ಎಷ್ಟು ಬಾಟ್ಲಿ ಇತ್ತು ಚೀಲದಲ್ಲಿ?"

"ಹನ್ನೊಂದು."

"ಆಂಡವಾ! ಹನ್ನೊಂದು ಬಾಟ್ಲಿ ಇಟ್ಕೊಂಡು ಸತ್ತೋದ್ಯಾ? ಯಾಕೆ ಕುಡೀಲಿಲ್ಲ?"

"ಮುಂದೆ ಇನ್ನೂ ದೊಡ್ಡೋನು ಬರ್ತಾನೆ ನರ್ಸಮ್ಮ. ಆಗ ಬೇಕಲ್ಲ, ಅದಕ್ಕೆ ಉಳಿಸಿದ್ದೆ."

"ಹೆಣಕ್ಕೆ ಬಾಟ್ಲಿ ಯಾಕೆ ಮಾರಾಯ್ತಿ?"

ಅಂದಿನಿಂದ ಚೀಲ ಅವರ ಸುಪರ್ದಿಗೆ ಹೋಯಿತು. ನಾನು ಕನ್ನಡ ಮೀಡಿಯಂ ಹುಡುಗಿ, ಪ್ರತಿ ವಸ್ತುವಿನ ಕೆಳಗೆ ಇಂಗ್ಲಿಷಿನಲ್ಲಿ ಏನೋ ಬರೆದಿರುತ್ತದೆ ಎಂಬುದು ಕಣ್ಣಿಗೆ ಬಿದ್ದಿದ್ದರೂ ಓದಿರಲಿಲ್ಲ, ಬಣ್ಣ ನೋಡಿಕೊಂಡು ಆಡುತ್ತಿದ್ದೆ. ನರ್ಸಮ್ಮ ಕಲಿತದ್ದು ಎಂಟನೆಯ ತರಗತಿವರೆಗೆ ಮತ್ತು ನರ್ಸಿಂಗು. ಆದರೆ ಔಷಧಿಯ ಲೇಬಲ್ಲು ಎಷ್ಟು ಸಣ್ಣ ಅಕ್ಷರದಲ್ಲಿದ್ದರೂ ಓದದೆ ಬಿಡುತ್ತಿರಲಿಲ್ಲ. ಆ ಹೆಬ್ಬೆರಳನ್ನು ಮಾನಿಟರಿನ ಗಾಜಿನ ಮೇಲೆ ಸರಿಸುತ್ತ, ತುಟಿ ಅಲುಗಿಸಿಕೊಂಡು, ಒಂದೊಂದನ್ನೂ ಓದಿ ನನಗೆ ಅರ್ಥ ಹೇಳಿದರು. ಯಾವುದೇ ಔಷಧಿಗೆ ಅವರು ಕೇಳುತ್ತಿದ್ದದ್ದು ಮೂರೇ ಪ್ರಶ್ನೆ. ಎಷ್ಟು ತುಂಬುತ್ತದೆ? ಎಷ್ಟು ಹೊತ್ತಿಗೆ ತುಂಬುತ್ತದೆ? ಅದನ್ನು ತೆಗೆದುಕೊಳ್ಳುವಾಗ ಪೇಷಂಟು ಏನು ಮಾಡುತ್ತಿರಬೇಕು?

ಈ ಮೂರನೆಯದು ನನಗೆ ಹೊಳೆದೇ ಇರಲಿಲ್ಲ. ಕೆಂಪು ಬಾಟಲಿ ಜೀವವನ್ನು ಪೂರ್ತಿ ತುಂಬುತ್ತಿತ್ತು ನಿಜ, ಆದರೆ ಹುಡುಗಿ ಕತ್ತಿ ಕೆಳಗಿಟ್ಟು, ತಲೆ ಎತ್ತಿ, ನಿಧಾನವಾಗಿ ಪೂರ್ತಿ ಕುಡಿಯಬೇಕು. ನರ್ಸಮ್ಮ ಗಡಿಯಾರ ಹಿಡಿದು ನೋಡಿದರು. ಅಷ್ಟರಲ್ಲಿ ಕರಡಿ ಎರಡು ಏಟು ಕೊಡುತ್ತಿತ್ತು. ಹಸಿರು ಎಲೆ ತುಂಬುವುದು ಸ್ವಲ್ಪವೇ, ಆದರೆ ಬಾಯಿಗೆ ಹಾಕಿದ ಕ್ಷಣಕ್ಕೇ. ರೊಟ್ಟಿ ತಿಂದರೆ ನಿಧಾನ, ಆದರೆ ನಡೆಯುತ್ತಲೇ ತಿನ್ನಬಹುದು. ನನ್ನ ಗಣಿತದ ನೋಟಿನ ಹಿಂದಿನ ಪುಟದಲ್ಲಿ ಅವರು ವಾರ್ಡಿನ ಚಾರ್ಟಿನಂತೆ ಗೆರೆ ಎಳೆದು ಬರೆದರು: ಹೊಡೆದಾಟದಲ್ಲಿ ಎಲೆ, ದಾರಿಯಲ್ಲಿ ರೊಟ್ಟಿ, ಗೋಡೆಯ ಮರೆ ಸಿಕ್ಕರೆ ಮಾತ್ರ ಬಾಟಲಿ. "ದೊಡ್ಡ ಬಾಟ್ಲಿ ಅಂತ ಆಸೆ ಬೀಳ್ಬಾರ್ದು ಕಣ್ಣಾ. ಆ ಹೊತ್ತಿಗೆ ಯಾವುದು ಒಳಗೆ ಇಳಿಯುತ್ತೋ ಅದೇ ಒಳ್ಳೇ ಔಷಧಿ" ಎಂದರು.

ಇನ್ನೊಂದು ಕೆಲಸ ಮಾಡಿದರು. ಹಿಂದೆ ಆಸ್ಪತ್ರೆಗಳಲ್ಲಿ ಮಿಕ್ಸ್ಚರನ್ನು ಪೇಷಂಟು ತಂದ ಬಾಟಲಿಗೇ ಸುರಿದು ಕೊಡುತ್ತಿದ್ದರು. ಒಂದು ಹೊತ್ತಿಗೆ ಎಷ್ಟು ಕುಡಿಯಬೇಕೆಂದು ತಿಳಿಯಲು ಕಾಂಪೌಂಡರು ಒಂದು ಕಾಗದದ ಪಟ್ಟಿಯನ್ನು ಮಡಿಚಿ, ಅಂಚಿಗೆ ಕತ್ತರಿಯಿಂದ ಕಚ್ಚು ಹಾಕಿ, ಬಾಟಲಿಯ ಹೊಟ್ಟೆಗೆ ಅಂಟಿಸುತ್ತಿದ್ದ. ಕಾಂಪೌಂಡರು ರಜೆ ಹಾಕಿದ ದಿನ ಅದು ನರ್ಸಮ್ಮನ ಕೆಲಸ. ಅದೇ ರೀತಿ ಒಂದು ಪಟ್ಟಿ ಕತ್ತರಿಸಿ, ಎರಡು ಅಗುಳು ಅನ್ನ ಅರೆದು, ಮಾನಿಟರಿನ ಮೇಲೆ ಜೀವದ ಪಟ್ಟಿಗೆ ಸರಿಯಾಗಿ ಅಂಟಿಸಿಬಿಟ್ಟರು. ಮೊದಲ ಕಚ್ಚಿಗೆ ಇಳಿದರೆ ಒಂದು ಎಲೆ, ಎರಡನೆಯದಕ್ಕೆ ಇಳಿದರೆ ಎರಡು, ಮೂರನೆಯದಕ್ಕೆ ಇಳಿದರೆ ಮರ್ಯಾದೆ ಬಿಟ್ಟು ಓಡು. ಸಂಜೆ ಅಪ್ಪ ಬಂದು, "ಮಾನಿಟರ್‌ಗೆ ಅನ್ನ ಮೆತ್ತಿದೋರು ಯಾರೇ?" ಎಂದು ಕೂಗಾಡಿದರು. ನರ್ಸಮ್ಮ ಎಂದು ಹೇಳಿದ ಮೇಲೆ ಸುಮ್ಮನಾದರು. ಆ ವಾರ ಕರಡಿ ಸತ್ತಿತು, ಅದರ ಹಿಂದಿದ್ದ ಕೋಟೆಯೂ ನಮ್ಮದಾಯಿತು.

ಇಷ್ಟು ಬುದ್ಧಿವಂತೆ ಒಂದು ದಿನ ಒಂದು ಯಡವಟ್ಟು ಮಾಡಿದರು. "ಸ್ವಲ್ಪ ನಾನೂ ಆಡ್ತೀನಿ ತಾ" ಎಂದು ಕೂತವರು ಯಾವುದೋ ಗುಂಡಿ ಒತ್ತಿ, ಜೀವದ ಪಟ್ಟಿ ಪೂರ್ತಿ ತುಂಬಿದ್ದಾಗಲೇ ಕೆಂಪು ಬಾಟಲಿ ಕುಡಿಸಿಬಿಟ್ಟರು. ಬಾಟಲಿ ಹೋಯಿತು, ಪಟ್ಟಿ ಇದ್ದ ಹಾಗೇ ಇತ್ತು. ನಾನು ತಲೆ ಚಚ್ಚಿಕೊಂಡೆ.

"ಫುಲ್ ಇರೋವಾಗ ಕುಡಿಸಿದ್ರೆ ವೇಸ್ಟು ನರ್ಸಮ್ಮ!"

"ಹೌದಲ್ಲ," ಎಂದು ನಾಲಿಗೆ ಕಚ್ಚಿಕೊಂಡು ನಕ್ಕರು, "ಚೆನ್ನಾಗಿರೋಳಿಗೆ ಔಷಧಿ ಕೊಟ್ಟೆ ನೋಡು."

ಅವರು ನಕ್ಕು ಮರೆತರು. ನಾನು ಮರೆಯಲಿಲ್ಲ.

ಆಗ ನಾನು ಹತ್ತನೆಯ ತರಗತಿ. ಮಂಡಿನೋವು ನೆನಪಿಗೂ ಇರಲಿಲ್ಲ. ಡಾಕ್ಟರು ಓಡಾಡಬಹುದು ಎಂದಿದ್ದರು, ಸೈಕಲ್ ತುಳಿಯುತ್ತಿದ್ದೆ. ಮೈಯಲ್ಲಿ ಏನೂ ಇಲ್ಲದಿರುವಾಗ ಮೂರು ವಾರಕ್ಕೊಮ್ಮೆ ಯಾಕೆ ಚುಚ್ಚಿಸಿಕೊಂಡು ಕುಂಟಬೇಕು? ನಾನೂ ಫುಲ್ ಇದ್ದೇನೆ, ಇದೂ ವೇಸ್ಟು. ಒಂದು ಶನಿವಾರ ಸ್ಪೆಷಲ್ ಕ್ಲಾಸ್ ಇದೆ ಎಂದು ಗೆಳತಿಯ ಮನೆಯಲ್ಲಿ ಕೂತೆ. ನರ್ಸಮ್ಮ ಬಂದು, ಸಂಜೆಯವರೆಗೆ ಕಾದು, ಹೋದರು. ಮಾರನೆಯ ದಿನ ಮತ್ತೆ ಬಂದರು. ನಾನು ಕೋಣೆಯ ಚಿಲಕ ಹಾಕಿಕೊಂಡು ಒಳಗಿಂದಲೇ ಕೂಗಿದೆ.

"ನೀವೇ ಹೇಳಿದ್ರಲ್ಲ, ಚೆನ್ನಾಗಿರೋಳಿಗೆ ಔಷಧಿ ಯಾಕೆ ಅಂತ! ನನಗೆ ಬೇಡ."

ಅಪ್ಪ ಬಾಗಿಲು ಬಡಿದರು, ಅಮ್ಮ ಅತ್ತಳು. ನಾನು ಜಗ್ಗಲಿಲ್ಲ. ನರ್ಸಮ್ಮ ಅಪ್ಪನಿಗೆ, "ಹಿಡ್ಕೊಂಡು ಚುಚ್ಬೋದು ಸಾರ್. ಇವತ್ತು ಹಿಡ್ಕೊಂಡ್ರೆ ಮುಂದಿನ ಹತ್ತು ವರ್ಷನೂ ಹಿಡ್ಕೋಬೇಕಾಗತ್ತೆ" ಎಂದು ಹೇಳಿ ಹೋದರಂತೆ. ಮೂರು ವಾರದ ಮೇಲೆ ಬಂದ ಸರದಿಯೂ ಹಾಗೇ ತಪ್ಪಿತು. ನಾನು ಗೆದ್ದೆ ಎಂದುಕೊಂಡೆ.

ಆ ದಿನಗಳಲ್ಲೇ ಕಂಪ್ಯೂಟರಿನಲ್ಲಿ ಏನೋ ವಿಚಿತ್ರ ಆಗತೊಡಗಿತು. ನಾನು ಶಾಲೆಯಿಂದ ಬಂದು ಆಟ ತೆರೆದರೆ ನನ್ನ ಹುಡುಗಿಯ ಪಕ್ಕ ಇನ್ನೊಂದು ಹೊಸ ಆಟವನ್ನು ಯಾರೋ ಉಳಿಸಿಟ್ಟಿರುತ್ತಿದ್ದರು. ದಿನದಿನಕ್ಕೆ ಅದು ಮುಂದೆ ಹೋಗುತ್ತಿತ್ತು. ಕುರ್ಚಿಯ ಮೇಲೆ ದಿಂಬು. ಅಮ್ಮನನ್ನು ಕೇಳಿದರೆ, "ನಂಗೇನು ಗೊತ್ತು ಅದೆಲ್ಲ" ಎಂದು ಒಗ್ಗರಣೆ ಹಾಕುತ್ತಿದ್ದಳು. ಗುಟ್ಟು ಆಮೇಲೆ ತಿಳಿಯಿತು. ನಾನು ಶಾಲೆಯಲ್ಲಿರುವ ಹೊತ್ತು ನೋಡಿಕೊಂಡು, ಅರವತ್ತು ದಾಟಿದ ಆ ಹೆಂಗಸು ವಾರಕ್ಕೆ ಮೂರು ನಾಲ್ಕು ದಿನ ಭದ್ರಾವತಿಯಿಂದ ಬಸ್ಸು ಹತ್ತಿ, ಬುತ್ತಿ ಕಟ್ಟಿಕೊಂಡು ಬಂದು, ನಮ್ಮ ಮನೆಯಲ್ಲಿ ಒಬ್ಬರೇ ಕೂತು ಗೇಮ್ ಆಡುತ್ತಿದ್ದರು. ಆಟದ ಶುರುವಿನಲ್ಲಿ ಬರುವ ಇಲಿಗಳ ಕೈಯಲ್ಲೇ ಮೂರು ದಿನ ಸತ್ತರಂತೆ. ಅಮ್ಮ ಹೇಳಿ ಹೇಳಿ ನಗುತ್ತಿದ್ದಳು. "ಒಂದೊಂದು ಸಲ ಸತ್ತಾಗ್ಲೂ ಎದ್ದು ನೀರು ಕುಡಿದು ಬಂದು ಕೂರೋರು ಕಣೇ."

ಮೂರನೆಯ ಸರದಿಯ ಶನಿವಾರ ಅಮ್ಮ ಬಾಗಿಲಲ್ಲೇ ನನ್ನನ್ನು ತಡೆದು, "ಇವತ್ತು ಇಂಜೆಕ್ಷನ್ ಇಲ್ವಂತೆ. ಔಷಧಿನೇ ತಂದಿಲ್ಲ. ಸುಮ್ನೆ ಮಾತಾಡ್ಸು ಬಾ" ಎಂದಳು. ಒಳಗೆ ನರ್ಸಮ್ಮ ಕಂಪ್ಯೂಟರಿನ ಮುಂದೆ ಕೂತಿದ್ದರು. ಕೈಚೀಲ ಬಾಯಿ ತೆರೆದು ನನಗೆ ಕಾಣುವಂತೆ ಇಟ್ಟಿದ್ದರು, ಖಾಲಿಯಾಗಿತ್ತು. ಪರದೆಯ ಮೇಲೆ ಜೌಗು ಪ್ರದೇಶ. ನಾನು ಎರಡು ತಿಂಗಳಿಂದ ದಾಟಲಾಗದೆ ಸಿಕ್ಕಿಕೊಂಡಿದ್ದ ಜಾಗ ಅದು. ವಿಷದ ಹಸಿರು ಹೊಗೆ, ಕೊಳೆತ ನೀರು. ಕಾಲಿಟ್ಟ ಕೂಡಲೇ ಜೀವ ಕರಗುತ್ತಿತ್ತು. ಮೂವತ್ತು ಬಾಟಲಿ ಹೊತ್ತು ಹೋಗಿ, ಹತ್ತು ಹೆಜ್ಜೆಗೊಂದು ಕುಡಿಸಿದರೂ ಅರ್ಧ ದಾರಿಗೇ ಸಾಯುತ್ತಿದ್ದೆ. ಆಟದಲ್ಲೇ ದೋಷವಿದೆ ಎಂದು ತೀರ್ಮಾನಿಸಿದ್ದೆ.

"ನಿನ್ನ ಚೀಲದಲ್ಲಿ ಒಂದು ಬೇರು ಇತ್ತಲ್ಲ, ಎಲ್ಲಿ?" ಎಂದು ಕೇಳಿದರು.

ಇತ್ತು. ಕಂದು ಬಣ್ಣದ, ಒಣಗಿದ ಒಂದು ಬೇರು, ಜೌಗಿನ ದಾರಿಗೆ ಬಂದ ಮೇಲೆ ಬೇಕಾದಷ್ಟು ಸಿಗುತ್ತಿತ್ತು. ತಿಂದರೆ ಜೀವ ಒಂದು ಚೂರೂ ಏರುತ್ತಿರಲಿಲ್ಲ. ಹುಡುಗಿ ಕಹಿಯಾದವಳಂತೆ ಮುಖ ಕಿವುಚುತ್ತಿದ್ದಳು, ಅಷ್ಟೆ. ನಾನು ಎಲ್ಲವನ್ನೂ ಬಿಸಾಕಿದ್ದೆ.

"ಅದು ಕೆಲ್ಸಕ್ಕೆ ಬಾರದ್ದು ನರ್ಸಮ್ಮ."

"ಲೇಬಲ್ ಓದಿದ್ಯಾ?"

ನಾನು ಓದಿರಲಿಲ್ಲ. ಅವರ ಹುಡುಗಿಯ ಜೀವದ ಪಟ್ಟಿ ಪೂರ್ತಿ ತುಂಬಿತ್ತು. ಜೌಗಿನ ಅಂಚಿನಲ್ಲಿ ನಿಲ್ಲಿಸಿ ಬೇರು ತಿನ್ನಿಸಿದರು. ಏನೂ ಆಗಲಿಲ್ಲ. ನಾನು ನಕ್ಕೆ. ಅವರು ನಗದೆ ಹುಡುಗಿಯನ್ನು ಹೊಗೆಯೊಳಗೆ ನಡೆಸಿದರು. ಹತ್ತು ಹೆಜ್ಜೆ, ಇಪ್ಪತ್ತು ಹೆಜ್ಜೆ. ಪಟ್ಟಿ ಅಲುಗಲಿಲ್ಲ. ನನ್ನ ನಗು ನಿಂತಿತು. ಸ್ವಲ್ಪ ಹೊತ್ತಿಗೆ ಇನ್ನೊಂದು ಬೇರು ತಿನ್ನಿಸಿದರು, ಇನ್ನೂ ಸ್ವಲ್ಪ ಹೊತ್ತಿಗೆ ಮತ್ತೊಂದು. ಮೂರೂ ಸಲ ಪಟ್ಟಿ ತುಂಬೇ ಇತ್ತು, ಮೂರೂ ಸಲ ಕಣ್ಣಿಗೆ ಕಾಣುವಂಥದ್ದು ಏನೂ ಆಗಲಿಲ್ಲ. ಜೌಗಿನ ಮುಕ್ಕಾಲು ಭಾಗ ದಾಟಿದ ಮೇಲೆ ಕೈ ತೆಗೆದರು.

"ಈಗ ಕೊಡಲ್ಲ. ಚೆನ್ನಾಗಿದಾಳಲ್ಲ, ಯಾಕೆ ಕೊಡ್ಲಿ? ನೋಡ್ತಿರು."

ಹುಡುಗಿ ನಿಂತೇ ಇದ್ದಳು. ಬೇರಿನ ಶಕ್ತಿ ಮುಗಿಯಿತು. ಜೀವ ಇಳಿಯತೊಡಗಿತು. ನನಗೆ ತಡೆಯಲಾಗಲಿಲ್ಲ, ಕೈ ಚಾಚಿ ಕೆಂಪು ಬಾಟಲಿ ಕುಡಿಸಿದೆ. ಜೀವ ತುಂಬಿತು.

"ನೋಡಿದ್ರಾ, ಆಮೇಲೆ ಕುಡಿಸಿದ್ರೂ ತುಂಬತ್ತೆ!"

"ಎಲ್ಲೀತನಕ ತುಂಬ್ತು? ಸರ್ಯಾಗಿ ನೋಡು."

ಮಾನಿಟರಿನ ಮೇಲಿದ್ದ ಕಾಗದದ ಪಟ್ಟಿಯ ಮೊದಲ ಕಚ್ಚಿಗೂ ಜೀವ ಮುಟ್ಟುತ್ತಿರಲಿಲ್ಲ. ತುಂಬಿತ್ತು, ಆದರೆ ತುಂಬಿಕೊಳ್ಳುವ ಪಟ್ಟಿಯೇ ಗಿಡ್ಡವಾಗಿತ್ತು. ಇನ್ನೊಂದು ಬಾಟಲಿ ಕುಡಿಸಿದೆ. ಮತ್ತೊಂದು. ಆ ವಿಷ ಜೀವವನ್ನು ಮಾತ್ರ ತಿನ್ನುತ್ತಿರಲಿಲ್ಲ, ಜೀವದ ಜಾಗವನ್ನೇ ತಿನ್ನುತ್ತಿತ್ತು. ಇಷ್ಟು ದಿನ ನಾನು ಸಾಯುತ್ತಿದ್ದದ್ದು ಇದಕ್ಕೇ, ನನಗದು ಕಂಡೇ ಇರಲಿಲ್ಲ.

"ಹೋದಷ್ಟು ಉದ್ದ ಹೋಯ್ತು ಕಣ್ಣಾ," ಎಂದರು ನರ್ಸಮ್ಮ. "ಎಷ್ಟು ಬಾಟ್ಲಿ ಹಾಕಿದ್ರೂ ವಾಪಸ್ ಬರಲ್ಲ. ನಿನ್ನ ಕವಾಟನೂ ಹಿಂಗೇ. ಜ್ವರ ಬಂದ್ರೆ ವಾಸಿ ಮಾಡ್ತಾರೆ ಡಾಕ್ಟ್ರು. ಕವಾಟ ಮೊದ್ಲಿನ ಹಾಗೆ ಮಾಡಕ್ಕಾಗಲ್ಲ. ಅವತ್ತು ನಾನು ಆಡಿದ್ದು ತಪ್ಪು ಮಾತು. ಚೆನ್ನಾಗಿರೋವಾಗ್ಲೇ ಕೊಡೋ ಔಷಧಿ ಒಂದಿದೆ. ಕೊಟ್ಟಿದ್ದು ಗೊತ್ತಾಗಲ್ಲ, ಕೊಡ್ದೇ ಇದ್ದಿದ್ದು ಗೊತ್ತಾಗತ್ತೆ."

ಆಮೇಲೆ ಅವರಾಗಿಯೇ ಒಂದು ವಿಷಯ ಹೇಳಿದರು. ಆಸ್ಪತ್ರೆಯಲ್ಲಿ ಇಪ್ಪತ್ತೊಂದು ದಿನಕ್ಕೊಮ್ಮೆ ಇಂಜೆಕ್ಷನ್ ಹಾಕಿಸಿಕೊಳ್ಳುವ ಮಕ್ಕಳದ್ದೇ ಒಂದು ರಿಜಿಸ್ಟರ್ ಇತ್ತಂತೆ. ಒಬ್ಬೊ‍ಬ್ಬರ ಹೆಸರಿನ ಮುಂದೂ ಸಾಲಾಗಿ ಚೌಕಗಳು. ಇಂಜೆಕ್ಷನ್ ಆದರೆ ಚೌಕದೊಳಗೆ ಟಿಕ್ಕು. ಬಾರದ ಮಕ್ಕಳ ಮನೆಗೆ ನರ್ಸಮ್ಮ ಡ್ಯೂಟಿ ಮುಗಿಸಿ ಕ್ವಾರ್ಟರ್ಸಿಗೆ ನಡೆದುಹೋಗಿ ಕರೆದು ತರುತ್ತಿದ್ದರು. ಒಂದು ವರ್ಷ ತಮ್ಮನ ಮದುವೆಗೆಂದು ರಜೆ ಹಾಕಿದರು, ಮದುವೆ ಮುಗಿದ ಮೇಲೂ ತಂದೆಯ ಊರಲ್ಲೇ ಉಳಿದರು. ಬಂದು ನೋಡಿದರೆ ಕಾರ್ಖಾನೆಯ ಒಬ್ಬ ಫಿಟ್ಟರನ ಮಗಳ ಹೆಸರಿನ ಮುಂದೆ ಎರಡು ಚೌಕ ಖಾಲಿ. ನಾಳೆ ಹೋದರಾಯಿತು ಎಂದುಕೊಂಡರಂತೆ. ಆ ಹುಡುಗಿಯೇ ಉಬ್ಬಸ ಪಡುತ್ತ ಆಸ್ಪತ್ರೆಗೆ ಬಂದಳು.

"ಆಮೇಲೆ?" ಎಂದೆ.

"ಆಮೇಲೆ ಅವಳ ಹೆಸರಿನ ಮುಂದೆ ಚೌಕ ಎಳೆಯೋ ಕೆಲ್ಸ ಇರ್ಲಿಲ್ಲ."

ಅವರು ಅಳಲಿಲ್ಲ. ಸೆರಗಿನಿಂದ ಮಾನಿಟರಿನ ಮೇಲಿದ್ದ ತಮ್ಮ ಬೆರಳಚ್ಚು ಒರೆಸಿದರು. ನನಗೆ ಭಯವಾಯಿತು, ಆದರೆ ಭಯಕ್ಕಿಂತ ಹೆಚ್ಚಾಗಿ ನಾಚಿಕೆಯಾಯಿತು. ಯಾವುದೋ ಗುಂಡಿ ಒತ್ತಿ ಬಾಟಲಿ ಹಾಳು ಮಾಡಿದವರು ಈ ಜೌಗಿನವರೆಗೆ ಬರಲು ಎಷ್ಟು ಸಲ ಸತ್ತಿರಬೇಕು ಎಂದು ಯೋಚಿಸಿದೆ. ಔಷಧಿ ಈಗ ಎಲ್ಲಿ ಸಿಗುತ್ತದೆ ಎಂದು ನಾನೇ ಕೇಳಿದೆ. ಅಮ್ಮ ಚೀಟಿ ಹಿಡಿದು ಬರಿಗಾಲಲ್ಲೇ ಮೆಡಿಕಲ್ ಶಾಪಿಗೆ ಓಡಿದಳು.

ಮುಂದಿನ ತಿಂಗಳು ಹೃದಯದ ಸ್ಕ್ಯಾನ್ ಇತ್ತು. ಎರಡು ಸರದಿ ತಪ್ಪಿಸಿದ್ದನ್ನು ಡಾಕ್ಟರಿಗೆ ಹೇಳಬೇಕಾಯಿತು. ಅವರು ಬೈದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ. ಅಂದು ನರ್ಸಮ್ಮ ನಮ್ಮ ಮನೆಯ ಜಗಲಿಯಲ್ಲಿ ಬೆಳಗಿನಿಂದ ಕಾಯುತ್ತಿದ್ದರು. ಆಟೋ ಇಳಿಯುವ ಮೊದಲೇ, "ಪಟ್ಟಿ ಎಷ್ಟಿದೆ?" ಎಂದರು.

"ಮೊದ್ಲಿದ್ದಷ್ಟೇ ಇದೆ ನರ್ಸಮ್ಮ. ಒಂದು ಕೂದಲೆಳೆನೂ ಕಮ್ಮಿಯಾಗಿಲ್ಲ."

ಅವರು ಒಳಗೆ ಹೋಗಿ ಎರಡು ಲೋಟ ನೀರು ಕುಡಿದರು.

ಆಮೇಲಿನ ವರ್ಷಗಳಲ್ಲಿ ನಾನು ಕಾಲೇಜು ಮುಗಿಸಿ ಅಪ್ಪನ ಅಂಗಡಿಯಲ್ಲೇ ಕೂತೆ. ಕಂಪ್ಯೂಟರ್ ಕೆಟ್ಟಿತು, ಗೇಮ್ ಹೋಯಿತು, ಶನಿವಾರಗಳು ಮಾತ್ರ ನಿಲ್ಲಲಿಲ್ಲ. ನರ್ಸಮ್ಮನ ಕೈ ನಡುಗಲು ಶುರುವಾದಾಗ ಅದನ್ನು ಮೊದಲು ಗಮನಿಸಿದವರೂ ಅವರೇ. ನಮ್ಮ ಬಡಾವಣೆಯಲ್ಲಿ ಹೊಸದಾಗಿ ತೆರೆದಿದ್ದ ಕ್ಲಿನಿಕ್ಕಿಗೆ ನನ್ನನ್ನು ಕರೆದುಕೊಂಡು ಹೋಗಿ, ಅಲ್ಲಿನ ಚಿಕ್ಕ ವಯಸ್ಸಿನ ನರ್ಸಿಗೆ ಸೀಸೆ ಉರುಳಿಸುವುದರಿಂದ ಹಿಡಿದು ಎಲ್ಲವನ್ನೂ ನಾಲ್ಕು ಸರದಿ ಎದುರಿಗೇ ಮಾಡಿಸಿದರು. ಆಮೇಲೂ ಆ ಶನಿವಾರಗಳಂದು ಸಂಜೆ ಫೋನು ಬರುತ್ತಿತ್ತು. "ಆಯ್ತಾ?" ಎಂದು ಕೇಳುತ್ತಿದ್ದರು. ಆಯಿತು ಎಂದರೆ ಇಟ್ಟುಬಿಡುತ್ತಿದ್ದರು, ಕ್ಷೇಮಸಮಾಚಾರಕ್ಕೆ ಬೇರೆ ದಿನ.

ನನಗೆ ಇಪ್ಪತ್ತಮೂರು ನಡೆಯುತ್ತಿದ್ದಾಗ ಒಂದು ಬೆಳಿಗ್ಗೆ ಅವರ ತಮ್ಮ ಫೋನ್ ಮಾಡಿದರು. ಅಕ್ಕ ನಿದ್ದೆಯಲ್ಲೇ ಹೋಗಿಬಿಟ್ಟಳು ಎಂದರು. ಹನ್ನೊಂದು ಗಂಟೆಗೆ ಎತ್ತುತ್ತೇವೆ, ಬೇಗ ಬನ್ನಿ ಎಂದರು. ಅಂದು ಶನಿವಾರ, ನನ್ನ ಸರದಿಯ ಶನಿವಾರ.

ಅಮ್ಮ ಅಳುತ್ತಲೇ ಸೀರೆ ಬದಲಿಸಿ, "ಇಂಜೆಕ್ಷನ್ ಸೋಮವಾರ ಹಾಕಿಸ್ಕೊಂಡ್ರಾಯ್ತು, ಹೊರಡು" ಎಂದಳು. ಎರಡು ದಿನ ಹೆಚ್ಚುಕಡಿಮೆಯಾದರೆ ಏನೂ ಆಗುವುದಿಲ್ಲವೆಂದು ನನಗೂ ಗೊತ್ತಿತ್ತು. ಆದರೂ ನಾನು ಮೊದಲು ಕ್ಲಿನಿಕ್ಕಿಗೆ ಹೋದೆ. ಹತ್ತು ಗಂಟೆಗೆ ಬರುವ ನರ್ಸು ಅಂದು ಬಂದದ್ದು ಹನ್ನೊಂದಕ್ಕೆ. ಕಾದೆ. ಟೆಸ್ಟ್ ಹಾಕಿಸಿಕೊಂಡು ಅರ್ಧ ಗಂಟೆ ಕೂತೆ. ಇಂಜೆಕ್ಷನ್ ಆದ ಮೇಲೆ ಇನ್ನರ್ಧ ಗಂಟೆ. ಪಕ್ಕದಲ್ಲಿ ಅಮ್ಮ ಗಡಿಯಾರ ನೋಡುತ್ತಲೇ ಇದ್ದಳು. ಎದ್ದು ಹೋಗೋಣವೆಂದು ಹತ್ತು ಸಲ ಅನ್ನಿಸಿತು, ಏಳಲಿಲ್ಲ.

ನಾವು ಭದ್ರಾವತಿ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮನೆಯವರು ನೆಲ ತೊಳೆಯುತ್ತಿದ್ದರು. ನೀರು ಹೊಸ್ತಿಲು ದಾಟಿ ಅಂಗಳಕ್ಕೆ ಹರಿಯುತ್ತಿತ್ತು. ಅವರ ತಮ್ಮ ಸ್ಮಶಾನದಿಂದ ಬಂದು, ಸ್ನಾನ ಮಾಡಿ, ಒದ್ದೆ ತಲೆಯಲ್ಲಿ ಬಾಗಿಲ ಬಳಿ ಕೂತಿದ್ದರು. ನನ್ನನ್ನು ಕಂಡು ಎದ್ದರು.

"ನೀನು ಬರ್ತೀಯ ಅಂತ ಒಂದು ಗಂಟೆ ಕಾಯ್ಸಿದ್ದೆ ಕಣಮ್ಮ. ಜನ ಕೇಳ್ಲಿಲ್ಲ. ಯಾಕೆ ಇಷ್ಟೊತ್ತು ಮಾಡ್ದೆ? ಮುಖ ನೋಡೋಕೂ ಸಿಗ್ಲಿಲ್ವಲ್ಲ."

"ಇವತ್ತು ನನ್ನ ಶನಿವಾರ," ಎಂದೆ.

ಅವರು ನನ್ನ ಕುಂಟು ಕಾಲನ್ನು ನೋಡಿದರು. ಆಮೇಲೆ ತಲೆಯಾಡಿಸಿ, "ಹಾಕಿಸ್ಕೊಂಡೇ ಬಂದ್ಯಾ?" ಎಂದರು.

"ಹ್ಞೂಂ."

"ಹಂಗಾದ್ರೆ ಸರಿಯಮ್ಮ. ಹಾಕಿಸ್ಕೊಳ್ದೆ ಬಂದಿದ್ರೆ ಅಕ್ಕ ಬೈದು ವಾಪಸ್ ಕಳಿಸ್ತಿದ್ಳು."

ಒಳಗಿಂದ ಯಾರೋ ಚಾಪೆ ತಂದು ಹಾಸಿದರು. ಅಮ್ಮ ಕೂತಳು. ನನಗೆ ಕೂರಲು ಆಗುತ್ತಿರಲಿಲ್ಲ, ಅಷ್ಟು ನೋಯುತ್ತಿತ್ತು. ಗೋಡೆ ಹಿಡಿದು ನಿಂತುಕೊಂಡೇ ಅತ್ತೆ.